ಬಚ್ಚಲ ಒಲೆಯಿಂದ ಶುರು ಮಾಡಿ: ಮಲೆನಾಡಿನ ಮನೆಯಲ್ಲಿ ಸೌದೆ ಇಳಿಸುವ ಕ್ರಮ

ಮಾಡಿನ (ಛಾವಣಿಯ) ಮೇಲೆ ಸೋಲಾರ್ ಕೂತಿದೆ, ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸ್ ಗುಂಡಿ ಇದೆ, ಅಡುಗೆಮನೆಯಲ್ಲಿ ಸಿಲಿಂಡರೂ ಇದೆ. ಆದರೂ ಆಷಾಢದಲ್ಲಿ ಬಚ್ಚಲು ತುಂಬ ಹೊಗೆ, ಶ್ರಾವಣ ಮುಗಿಯುವಷ್ಟರಲ್ಲಿ ಸೌದೆಮನೆ ಖಾಲಿ. ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಇವರು ಯಾರೂ ಸೋಮಾರಿಗಳಲ್ಲ, ದುಡ್ಡು ಹಾಕಲು ಹಿಂಜರಿದವರೂ ಅಲ್ಲ. ತಪ್ಪಿದ್ದು ಕ್ರಮ. ಕೊನೆಗೆ ಕೊಳ್ಳಬೇಕಾದ್ದನ್ನು ಮೊದಲು ಕೊಂಡು, ಮೊದಲು ಮಾಡಬೇಕಾದ್ದನ್ನು ಹಾಗೇ ಬಿಟ್ಟಿದ್ದಾರೆ.

ಸರಿಯಾದ ಕ್ರಮ ಹೀಗೆ: ತೂಗುವುದು, ಒಣಗಿಸುವುದು, ಬಚ್ಚಲ ಒಲೆ ಸರಿಪಡಿಸುವುದು, ಗೋಬರ್ ಗ್ಯಾಸ್, ಸೋಲಾರ್ ಬಿಸಿನೀರು, ಎಲ್ಲಕ್ಕಿಂತ ಕೊನೆಗೆ ಕರೆಂಟು. ಮೊದಲ ಮೂರಕ್ಕೆ ಖರ್ಚು ಕಡಿಮೆ, ಉಳಿತಾಯ ಹೆಚ್ಚು. ಮುಂದಿನ ಮೂರನ್ನು ಎಷ್ಟು ದೊಡ್ಡದು ಹಾಕಿಸಬೇಕು ಎಂಬುದು ಗೊತ್ತಾಗುವುದೂ ಮೊದಲ ಮೂರು ಮುಗಿದ ಮೇಲೆಯೇ.

## ಕೈಗೆ ಬೇಕಾದ ಸಾಮಾನು

ಅಡಿಕೆ ತೂಗುವ ಕೊಕ್ಕೆ ತಕ್ಕಡಿ, ಅಡುಗೆಮನೆಯ ಚಿಕ್ಕ ತಕ್ಕಡಿ, ಒಂದು ನೋಟ್‌ಬುಕ್, ಕೊಡಲಿ, ಮರ ಸೀಳಲು ಕಬ್ಬಿಣದ ಬೆಣೆ, ಅಳತೆ ಟೇಪು, ನೀರಿಗೆ ಅದ್ದುವ ಥರ್ಮಾಮೀಟರ್. ದಿಕ್ಕು ನೋಡಲು ಮೊಬೈಲಿನ ದಿಕ್ಸೂಚಿ ಸಾಕು.

## ಹಂತ 1: ಏಳು ದಿನ ತೂಗಿ

ಬೆಳಿಗ್ಗೆ ಎದ್ದ ಕೂಡಲೇ ಆ ದಿನದ ಸೌದೆ ತೂಗಿ ಒಲೆಯ ಪಕ್ಕ ಇಡಿ. ರಾತ್ರಿ ಉಳಿದದ್ದನ್ನು ತೂಗಿ ಕಳೆಯಿರಿ. ಬಚ್ಚಲು, ಅಡುಗೆ, ದನಗಳಿಗೆ ಹುರುಳಿ ಬೇಯಿಸುವ ಒಲೆ, ಈ ಮೂರರ ಲೆಕ್ಕ ಬೇರೆಬೇರೆ ಇರಲಿ. ಏಳು ದಿನ ಬಿಡದೆ ಬರೆಯಿರಿ, ಮಳೆಗಾಲದಲ್ಲಿ ಮತ್ತೊಂದು ವಾರ ತೂಗಿ. ಅಡಿಕೆ ಬೇಯಿಸುವ ಒಲೆಯ ಸೌದೆಯನ್ನು ಇದರೊಳಗೆ ಸೇರಿಸಬೇಡಿ. ಅದು ಸುಗ್ಗಿಯ ಖರ್ಚು.

‘ದಿನಕ್ಕೆ ಒಂದು ಹೊರೆ’ ಎಂದು ಅಂದಾಜಿನಲ್ಲಿ ಬರೆಯುವುದು ಇಲ್ಲಿನ ದೊಡ್ಡ ತಪ್ಪು. ಹೊರುವವರು ಬದಲಾದರೆ ಹೊರೆಯ ತೂಕವೂ ಬದಲಾಗುತ್ತದೆ.

ಈಗ ಒಂದು ಲೆಕ್ಕ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 2.7 ಯೂನಿಟ್ ಕರೆಂಟಿನಷ್ಟು. ಗಾಳಿಯಲ್ಲಿ ಚೆನ್ನಾಗಿ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿ 4 ಯೂನಿಟ್‌ಗಿಂತ ತುಸು ಹೆಚ್ಚು ಶಾಖವಿರುತ್ತದೆ. ಒಂದಿಷ್ಟೂ ಪೋಲಾಗದಿದ್ದರೆ ಮುಕ್ಕಾಲು ಕೆ.ಜಿ.ಗಿಂತ ಕಡಿಮೆ ಸೌದೆಯಲ್ಲಿ ಆ ನೀರು ಕಾಯಬೇಕು. ಪೋಲಾಗದ ಒಲೆ ಲೋಕದಲ್ಲಿಲ್ಲ, ಅದು ಸರಿ. ಆದರೆ ನಿಮ್ಮ ಹಂಡೆ ಅದೇ ನೀರಿಗೆ 5 ಕೆ.ಜಿ. ತಿನ್ನುತ್ತಿದ್ದರೆ, ಉಳಿದ 4 ಕೆ.ಜಿ.ಗೂ ಹೆಚ್ಚು ಎಲ್ಲಿ ಹೋಯಿತು ಎಂದು ಕೇಳಲೇಬೇಕು. ಒಂದಿಷ್ಟು ಹೊಗೆಯಾಗಿ ಹೋಯಿತು, ಒಂದಿಷ್ಟು ಗೋಡೆಗೆ, ಇನ್ನೊಂದಿಷ್ಟು ಒಲೆಯ ಬಾಯಿಂದ ಹೊರಗೆ. ಎರಡನೆಯ, ಮೂರನೆಯ ಹಂತಗಳು ಅದನ್ನು ಹಿಡಿಯಲು.

ಸಿಲಿಂಡರ್ ಬಂದ ಮನೆಗಳಲ್ಲಿ ಸಾಮಾನ್ಯವಾಗಿ ಅಡುಗೆಗಿಂತ ಬಚ್ಚಲಿಗೇ ಹೆಚ್ಚು ಸೌದೆ ಬೇಕಾಗುತ್ತದೆ. ಅದಕ್ಕೇ ಬಚ್ಚಲಿಂದ ಶುರು ಮಾಡಿ ಎನ್ನುತ್ತೇನೆ.

## ಹಂತ 2: ಸೌದೆ ಒಣಗಿಸುವುದು

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಉರಿಸಲು ಯೋಗ್ಯವಾದ ಸೌದೆಯಲ್ಲಿ ಅದು 20 ಪರ್ಸೆಂಟ್‌ಗಿಂತ ಕೆಳಗಿರಬೇಕು. ‘ನೀರು ಆವಿಯಾಗಲು ಸ್ವಲ್ಪ ಶಾಖ ಹೋದರೆ ಹೋಗಲಿ’ ಎನ್ನುವವರಿದ್ದಾರೆ. ಆವಿಗೆ ಹೋಗುವ ಶಾಖ ನಿಜಕ್ಕೂ ಅಷ್ಟೊಂದಲ್ಲ. ದೊಡ್ಡ ನಷ್ಟ ಬೇರೆಯದು. ಹಸಿ ಸೌದೆಯಿಂದ ಒಲೆಯ ಒಳಗಿನ ಬಿಸಿ ಇಳಿಯುತ್ತದೆ. ಬಿಸಿ ಇಳಿದರೆ ಮರದಿಂದ ಹೊರಡುವ ಅನಿಲಕ್ಕೆ ಬೆಂಕಿ ಹತ್ತುವುದಿಲ್ಲ, ಅದು ಹಾಗೇ ಹೊಗೆಯಾಗಿ ಮೇಲೇಳುತ್ತದೆ. ಬಚ್ಚಲಲ್ಲಿ ಕಣ್ಣುರಿಸುವ ಆ ಹೊಗೆ ಉರಿಯದೆ ಉಳಿದ ನಿಮ್ಮ ಸೌದೆಯೇ.

ಕಾಲ. ಸಂಕ್ರಾಂತಿಯೊಳಗೆ ಕಡಿದು ತುಂಡು ಮಾಡಿ, ಶಿವರಾತ್ರಿಯೊಳಗೆ ಸೀಳಿ, ಮೃಗಶಿರ ಮಳೆ ಹಿಡಿಯುವ ಮುಂಚೆ ಒಳಗೆ ಸೇರಿಸಿ. ಯುಗಾದಿ ಕಳೆದು ಕಡಿದ ಮರ ಆ ಮಳೆಗಾಲಕ್ಕೆ ಆಗುವುದಿಲ್ಲ, ಅದನ್ನು ಮುಂದಿನ ವರ್ಷಕ್ಕೆ ಬೇರೆ ಒಟ್ಟಿ. ಒಂದು ವರ್ಷದ ಸೌದೆ ಮುಂಗಡವಾಗಿ ದಾಸ್ತಾನಿರುವ ಮನೆಯಲ್ಲಿ ಈ ಗಡಿಬಿಡಿಯೇ ಇರುವುದಿಲ್ಲ.

ಗಾತ್ರ. ಮುಂಗೈ ದಪ್ಪ, ಒಂದೂವರೆ ಅಡಿ ಉದ್ದ. ಮರದೊಳಗಿನ ನೀರು ನಾರಿನ ಉದ್ದಕ್ಕೆ ಹರಿದು ತುದಿಯಿಂದ ಬೇಗ ಹೊರಬೀಳುತ್ತದೆ. ತೊಗಟೆಯ ಮೂಲಕ ಹೋಗುವುದು ಬಹಳ ನಿಧಾನ. ಆದ್ದರಿಂದ ಸೀಳದೆ ಬಿಟ್ಟ ಕೊರಡು ಎರಡು ವರ್ಷ ಮಲಗಿದ್ದರೂ ಒಳಗೆ ಹಸಿಯಾಗಿಯೇ ಇರಬಹುದು.

ಒಟ್ಟುವುದು. ಕೆಳಗೆ ಅಡಿಕೆ ದಬ್ಬೆಯೋ (ಸೀಳಿದ ಅಡಿಕೆ ಮರ) ಕಲ್ಲೋ ಹಾಕಿ ನೆಲದಿಂದ ಅರ್ಧ ಅಡಿ ಮೇಲೆತ್ತಿ. ಗೋಡೆಗೂ ರಾಶಿಗೂ ನಡುವೆ ಒಂದು ಗೇಣು ಜಾಗ ಬಿಡಿ. ಸಾಲಿನ ಹಿಂದೆ ಸಾಲು ಒತ್ತಿ ಒಟ್ಟದೆ, ಒಂದೇ ಸಾಲನ್ನು ಗಾಳಿ ಹಾಯುವ ಕಡೆ ತಿರುಗಿಸಿ. ಮೇಲೆ ಮಾತ್ರ ಶೀಟೋ ಸೋಗೆಯೋ (ಅಡಿಕೆ ಗರಿ) ಹೊದೆಸಿ. ನಾಲ್ಕೂ ಕಡೆ ಟಾರ್ಪಾಲು ಸುತ್ತಿ ಕಟ್ಟುವುದು ಬಹಳ ಮನೆಗಳಲ್ಲಿ ಕಾಣುವ ತಪ್ಪು. ಒಳಗಿನ ಆವಿ ಹೊರಗೆ ಹೋಗದೆ ಸೌದೆಗೆ ಬೂಷ್ಟು ಹಿಡಿಯುತ್ತದೆ.

ಪರೀಕ್ಷೆ. ರಾಶಿಯ ನಡುವಿನಿಂದ ಒಂದು ತುಂಡು ತೆಗೆದು ಸೀಳಿ, ಒಳಗಿನಿಂದ ಒಂದು ಚಕ್ಕೆ ತೂಗಿ. ಬಿಸಿ ಒಲೆದಂಡೆಯ ಮೇಲಿಟ್ಟು ದಿನಾ ತೂಗುತ್ತಾ ಬನ್ನಿ. ತೂಕ ಇಳಿಯುವುದು ನಿಂತ ದಿನ ಲೆಕ್ಕ ಹಾಕಿ. 200 ಗ್ರಾಮಿನ ಚಕ್ಕೆ 140ಕ್ಕೆ ನಿಂತರೆ 60 ಗ್ರಾಂ ನೀರಿತ್ತು, ಅಂದರೆ 30 ಪರ್ಸೆಂಟ್. ಇನ್ನೂ ಒಣಗಬೇಕು. 165ಕ್ಕೆ ನಿಂತರೆ ಉರಿಸಬಹುದು.

ಕಣ್ಣಿಗೆ ಕಾಣುವ ಸೂಚನೆ. ಒಣಗಿದ ಸೌದೆಯ ತುದಿ ಬಿರುಕು ಬಿಟ್ಟಿರುತ್ತದೆ, ತೊಗಟೆ ತಾನೇ ಸುಲಿಯುತ್ತದೆ, ಎರಡು ತುಂಡು ತಾಕಿಸಿದರೆ ಠಣ್ ಎನ್ನುತ್ತದೆ. ಒಲೆಗೆ ಹಾಕಿದಾಗ ತುದಿಯಲ್ಲಿ ನೊರೆ ಬಂದು ಸೊಂಯ್ ಎಂದರೆ ಅದನ್ನು ಹೊರಗೆಳೆದು ವಾಪಸು ಒಟ್ಟಿ.

### ಯಾವುದನ್ನು ಉರಿಸಬೇಕು, ಯಾವುದನ್ನು ಬೆಳೆಸಬೇಕು

ತೋಟವಿರುವ ಮನೆಯಲ್ಲಿ ಮೊದಲ ಉರುವಲು ತೋಟದ್ದೇ: ತೆಂಗಿನ ಕೊತ್ತಳಿಗೆ (ಗರಿಯ ಬುಡ), ಗೆರಟೆ (ಚಿಪ್ಪು), ಒಣಗಿದ ಅಡಿಕೆ ಸಿಪ್ಪೆ, ಬಿದ್ದ ಅಡಿಕೆ ಮರ. ಸೋಗೆ, ಹಾಳೆ, ದರಕು (ಉದುರಿದ ಒಣ ಎಲೆ) ಮಣ್ಣಿಗೆ ಸೇರಬೇಕಾದವು. ಬೆಂಕಿ ಹೊತ್ತಿಸಲು ಹಿಡಿಯಷ್ಟು ಸಾಕು.

ಬೇಲಿಗೆ ಗ್ಲಿರಿಸಿಡಿಯಾ ನೆಡಿ. ಸೊಪ್ಪು ತೋಟಕ್ಕೆ, ಕೊಂಬೆ ಒಲೆಗೆ. ಬುಡದವರೆಗೆ ಕಡಿಯದೆ ಸೊಂಟದೆತ್ತರಕ್ಕೆ ಸವರಿದರೆ ಮತ್ತೆ ಚಿಗುರುತ್ತದೆ. ಬೇಲಿಯನ್ನು ಮೂರು ಭಾಗ ಮಾಡಿಕೊಂಡು ವರ್ಷಕ್ಕೊಂದು ಭಾಗ ಸವರುತ್ತಾ ಹೋಗಿ. ಹೀಗೆ ಮಾಡಿದರೆ ಬೆಟ್ಟದ ಮರದ ಮೇಲೆ ಕೊಡಲಿ ಬೀಳುವುದು ತಪ್ಪುತ್ತದೆ, ನನಗೆ ಮುಖ್ಯವಾಗಿ ಕಾಣುವುದು ಅದು. ಬೆಟ್ಟದಿಂದ ತಂದ ಸೌದೆಗೆ ದುಡ್ಡು ಕೊಡುವುದಿಲ್ಲ ಎಂಬ ಕಾರಣಕ್ಕೆ ಅದು ಪುಕ್ಕಟೆಯಲ್ಲ, ಬೇಸಿಗೆಯಲ್ಲಿ ಒರತೆ ಬತ್ತಿದಾಗ ಅದರ ಬೆಲೆ ತಿಳಿಯುತ್ತದೆ.

ಸ್ವಂತ ಜಾಗದ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಗ್ಲಿರಿಸಿಡಿಯಾ, ಸಿಲ್ವರ್ ಓಕ್, ಗಾಳಿಮರ, ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದ ಮರಕ್ಕೆ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಹೊಳೆಗಾರನ ಮರದ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ, ಅದನ್ನು ಮುಟ್ಟಲೇಬೇಡಿ. ಕಣಗಿಲೆ, ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಯಾವ ಕಾರಣಕ್ಕೂ ಒಲೆಗೆ ಹೋಗಬಾರದು.

## ಹಂತ 3: ಬಚ್ಚಲ ಒಲೆ

ಹಳೆಯ ಬಚ್ಚಲ ಒಲೆ ಅಂದರೆ ಮೂರು ಗೋಡೆ, ಮೇಲೊಂದು ಹಂಡೆ, ಎದುರಿಗೆ ದೊಡ್ಡ ಬಾಯಿ. ಅದಕ್ಕೆ ಕಂಬಿಯ ಜಾಲರಿ ಇಲ್ಲ, ಹೊಗೆಗೆ ದಾರಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯನ್ನು ಅಡುಗೆಮನೆಯಲ್ಲಿ ಕಂಡವರಿಗೆ ಅದರ ಗುಟ್ಟು ಗೊತ್ತು: ಕೆಳಗಿನಿಂದ ಗಾಳಿ ಬರಬೇಕು, ಉರಿ ಪಾತ್ರೆಯನ್ನು ಸವರಿಕೊಂಡು ಹೋಗಬೇಕು, ಹೊಗೆ ಕೊಳವೆಯಲ್ಲೇ ಹೊರಡಬೇಕು. ಹಂಡೆಗೂ ಅದನ್ನೇ ಮಾಡಿ.

1. ಒಲೆಯ ನೆಲದಿಂದ ನಾಲ್ಕೈದು ಇಂಚು ಮೇಲೆ ಕಬ್ಬಿಣದ ಸರಳಿನ ಜಾಲರಿ ಕೂರಿಸಿ, ಸರಳುಗಳ ನಡುವೆ ಅರ್ಧ ಇಂಚು ಸಂದು ಇರಲಿ. ಬೂದಿ ಕೆಳಗೆ ಬೀಳಬೇಕು, ಗಾಳಿ ಮೇಲೆ ಬರಬೇಕು.

2. ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣು ಅಂತರ. ಕಡಿಮೆಯಾದರೆ ಉರಿ ಉಸಿರುಕಟ್ಟಿ ಮಸಿ ಹಿಡಿಯುತ್ತದೆ, ಹೆಚ್ಚಾದರೆ ಬಿಸಿ ತಳಕ್ಕೆ ಮುಟ್ಟುವುದಿಲ್ಲ.

3. ಹಂಡೆಯ ಸುತ್ತ ಒಂದಿಂಚು ಸಂದು ಬಿಟ್ಟು ಗೋಡೆಯನ್ನು ಅದರ ಹೊಟ್ಟೆಯವರೆಗೆ ಎತ್ತಿ, ಮೇಲ್ಗಡೆ ಮಣ್ಣಿನಿಂದ ಮುಚ್ಚಿ. ಈಗ ಉರಿ ತಳದ ಜೊತೆಗೆ ಪಕ್ಕವನ್ನೂ ಕಾಯಿಸುತ್ತದೆ.

4. ಬಾಯಿಯ ಎದುರು ದಿಕ್ಕಿನಲ್ಲಿ, ಆ ಸಂದಿನ ಮೇಲ್ತುದಿಯಿಂದ ನಾಲ್ಕು ಇಂಚಿನ ಹೊಗೆ ಕೊಳವೆ ಹೊರಡಲಿ. ಕೊಳವೆ ಮಾಡಿನ ನೆತ್ತಿಯಿಂದ ಎರಡು ಅಡಿ ಮೇಲೇಳಬೇಕು. ಮೇಲೆ ಮುಚ್ಚುವ ಟೋಪಿಗೂ ಕೊಳವೆಯ ಬಾಯಿಗೂ ನಡುವೆ ನಾಲ್ಕು ಇಂಚಾದರೂ ಜಾಗವಿರಲಿ.

5. ಒಲೆಯ ಬಾಯಿ ಚಿಕ್ಕದು ಮಾಡಿ, ತಗಡಿನ ಬಾಗಿಲು ಹಾಕಿ. ಹಂಡೆಗೆ ಮುಚ್ಚಳ ಇರಲೇಬೇಕು. ಮುಚ್ಚದ ಹಂಡೆ ಕಾಯಿಸುವುದೂ ಬಾಗಿಲು ತೆರೆದಿಟ್ಟು ಚಳಿ ಎನ್ನುವುದೂ ಒಂದೇ.

ಕೊಳವೆ ಹಂಚಿನ ಮಾಡನ್ನು ದಾಟುವ ಜಾಗದಲ್ಲಿ ಹಂಚು ಹೊತ್ತ ಮರದ ಪಕಾಸು, ರೀಪಿನಿಂದ ಎಲ್ಲ ಕಡೆ ಕನಿಷ್ಠ ಒಂದು ಗೇಣು ದೂರವಿರಲಿ. ಹಸಿ ಸೌದೆಯ ಹೊಗೆ ಕೊಳವೆಯೊಳಗೆ ಡಾಂಬರಿನಂತೆ ಗಟ್ಟಿಯಾಗುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ. ಸೌದೆ ಒಣಗಿಸದೆ ಕೊಳವೆ ಹಾಕಬೇಡಿ ಎಂದು ಹೇಳುವುದು ಇದಕ್ಕೇ. ತಿಂಗಳಿಗೊಮ್ಮೆ ಉದ್ದ ಬಿದಿರಿಗೆ ಗೋಣಿ ಸುತ್ತಿ ಕೊಳವೆ ಗುಡಿಸಿ, ಹಂಡೆಯ ತಳದ ಮಸಿಯನ್ನೂ ಕೆರೆಯಿರಿ.

ಎಚ್ಚರಿಕೆ. ಹೊತ್ತಿಸಿದ ಹತ್ತು ನಿಮಿಷದ ನಂತರವೂ ಕೊಳವೆಯಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸೌದೆ ಹಸಿ. ಹೊಗೆ ಒಲೆಬಾಯಿಂದ ವಾಪಸು ಬಂದರೆ ಕೊಳವೆ ಕಟ್ಟಿದೆ ಅಥವಾ ಗಿಡ್ಡವಾಗಿದೆ. ಕೆಂಡಕ್ಕೆ ಹೊಗೆ ಇಲ್ಲ ಎಂದು ಅಗ್ಗಿಷ್ಟಿಕೆಯನ್ನು ಬಾಣಂತಿ ಕೋಣೆಯಲ್ಲಿಟ್ಟು ಕಿಟಕಿ ಮುಚ್ಚಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಇದೇ ರೀತಿ ಅಪಾಯಕಾರಿ.

ಈ ಹಂತ ಮುಗಿದ ಮೇಲೆ ಮತ್ತೆ ಏಳು ದಿನ ತೂಗಿ. ಮುಂದಿನ ನಿರ್ಧಾರಗಳಿಗೆ ಆಧಾರ ಈ ಹೊಸ ಅಂಕಿ, ಹಳೆಯದಲ್ಲ.

## ಹಂತ 4: ಗೋಬರ್ ಗ್ಯಾಸ್

ದನ ಎಣಿಸಬೇಡಿ, ಸಗಣಿ ತೂಗಿ. 2 ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು. ಐದು ಜನರ ಅಡುಗೆಗೆ ಅದು ಸಾಕು. ಮಿಶ್ರತಳಿ ಹಸು ಹಾಕುವಷ್ಟು ಸಗಣಿಯನ್ನು ಇಲ್ಲಿನ ಚಿಕ್ಕ ನಾಟಿ ತಳಿ ಮಲೆನಾಡು ಗಿಡ್ಡ ಹಾಕುವುದಿಲ್ಲ. ಮೇಯಲು ಬಿಟ್ಟ ದನದ ಅರ್ಧ ಸಗಣಿ ಗುಡ್ಡದಲ್ಲೇ ಉಳಿಯುತ್ತದೆ. ಕೊಟ್ಟಿಗೆಯಲ್ಲಿ ಸಿಗುವುದು 25 ಕೆ.ಜಿ. ಆದರೆ 1 ಘನಮೀಟರಿನದೇ ಕಟ್ಟಿಸಿ. ‘ಮುಂದೆ ದನ ಹೆಚ್ಚಾಗಬಹುದು’ ಎಂದು ದೊಡ್ಡದು ಕಟ್ಟಿಸಿ, ಹೊಟ್ಟೆ ತುಂಬದೆ ನಿಂತುಹೋದ ಗುಂಡಿಗಳು ಊರೂರಲ್ಲಿವೆ.

ಮೊದಲ ಸಲ ತುಂಬಲು, 40 ದಿನದ ಲೆಕ್ಕದಲ್ಲಿ, 2 ಘನಮೀಟರಿನ ಗುಂಡಿಗೆ ಸುಮಾರು 2 ಟನ್ ಸಗಣಿ, ಅಷ್ಟೇ ನೀರು ಬೇಕು. ದಿನಕ್ಕಿಷ್ಟು ಎಂದು ಎರಡು ತಿಂಗಳು ಎಳೆಯದೆ ಅಕ್ಕಪಕ್ಕದ ಮನೆಗಳಿಂದ ತಂದು ಆದಷ್ಟು ಬೇಗ ತುಂಬಿಸಿ. ನಡೆಯುತ್ತಿರುವ ಗುಂಡಿಯಿಂದ ಹೊರಬರುವ ಬಗ್ಗಡ ಹತ್ತಾರು ಬಕೆಟ್ ಸೇರಿಸಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಬೇಗ ಹಿಡಿಯುತ್ತದೆ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಅದನ್ನು ಹೊರಗೆ ಬಿಡಿ. ಉರಿಯುತ್ತದೋ ಇಲ್ಲವೋ ಎಂದು ಸ್ಥಾವರದ ಕೊಳವೆಗೆ ಕಡ್ಡಿ ಗೀರಬೇಡಿ. ಪರೀಕ್ಷೆ ಅಡುಗೆಮನೆಯ ಒಲೆಯಲ್ಲೇ ಆಗಬೇಕು.

ದಿನಾ ಒಂದಕ್ಕೊಂದು ಅಳತೆಯಲ್ಲಿ ಸಗಣಿ, ನೀರು ಕಲಸಿ, ಗಂಟು ಒಡೆದು, ಹುಲ್ಲಿನ ಎಸಳು, ಅಡಿಕೆ ಸಿಪ್ಪೆ, ಕಲ್ಲು ಆರಿಸಿ ಬಿಡಿ. ಹುಲ್ಲು, ಸಿಪ್ಪೆ ಒಳಗೆ ತೇಲಿ ಕೆನೆಗಟ್ಟಿ ಗ್ಯಾಸನ್ನು ತಡೆಯುತ್ತವೆ. ಫಿನಾಯಿಲ್, ಸೋಪಿನ ನೀರು ಒಳಗಿನ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಗುಂಡಿಗೆ ತಿರುಗಿಸುವುದೂ ತಪ್ಪು, ಕಲಸು ತೆಳ್ಳಗಾಗಿ ಕೊಳೆಯುವ ಮೊದಲೇ ಹೊರಬೀಳುತ್ತದೆ.

ಮಲೆನಾಡಿನದೇ ಎರಡು ತೊಂದರೆಗಳಿವೆ. ಒಂದು ಮಳೆ: ಒಳಹಾಕುವ, ಹೊರಬರುವ ತೊಟ್ಟಿಗಳ ಅಂಚು ನೆಲದಿಂದ ಒಂದು ಅಡಿ ಮೇಲಿರಲಿ, ಮುಚ್ಚಳ ಇರಲಿ. ಇಲ್ಲದಿದ್ದರೆ ಆರಿದ್ರ ಮಳೆಯ ನೀರು ನೇರ ಗುಂಡಿಗೆ. ಇನ್ನೊಂದು ಚಳಿ: ಒಳಗಿನ ಜೀವಿಗಳಿಗೆ 35 ಡಿಗ್ರಿ ಹಿತ, 20ರ ಕೆಳಗೆ ಅವು ಮಂಕಾಗುತ್ತವೆ. ಡಿಸೆಂಬರಿನಲ್ಲಿ ಬೆಳಗಿನ ಜಾವದ ತಣ್ಣೀರು ಹಾಕದೆ, ಬಿಸಿಲಿಗಿಟ್ಟ ನೀರಲ್ಲಿ ಕಲಸಿ ಮಧ್ಯಾಹ್ನ ಬಿಡಿ. ಗುಮ್ಮಟದ ಮೇಲೆ ಒಣಹುಲ್ಲು ಹಾಸಿ.

ಉರಿ ನೋಡಿ ರೋಗ ತಿಳಿಯಿರಿ. ನೀಲಿ, ನಿಶ್ಚಲ ಉರಿ ಸರಿ. ಹಳದಿಯಾದರೆ ಒಲೆಯ ಗಾಳಿ ತೂತು ಸ್ವಲ್ಪ ತೆರೆಯಿರಿ. ಉರಿ ಒಲೆಯಿಂದ ಎದ್ದು ಹಾರಿದರೆ ಗಾಳಿ ಹೆಚ್ಚಾಗಿದೆ. ಲಪಲಪ ಬಡಿದರೆ ಕೊಳವೆಯಲ್ಲಿ ನೀರು ನಿಂತಿದೆ, ತಗ್ಗಿನ ಜಾಗದ ನಲ್ಲಿ ಬಿಚ್ಚಿ ಹರಿಸಿ. ಸಿಲಿಂಡರಿನ ಒಲೆಗೆ ಈ ಕೊಳವೆ ಸಿಕ್ಕಿಸಿ ‘ಗ್ಯಾಸೇ ಬರುವುದಿಲ್ಲ’ ಎಂದು ಕೈಬಿಟ್ಟವರಿದ್ದಾರೆ. ಅದರ ತೂತು ಚಿಕ್ಕದು, ಗೋಬರ್ ಗ್ಯಾಸಿಗೆ ಅದರದೇ ಒಲೆ ಬೇಕು.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಸೋರಿಕೆ ಎಂದೇ ತಿಳಿದು ಕಿಟಕಿ ತೆರೆದು, ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ದುರಸ್ತಿಗೆಂದು ಗುಂಡಿಯೊಳಗೆ ಯಾರೂ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ.

## ಹಂತ 5: ಸೋಲಾರ್ ಬಿಸಿನೀರು

ನಾಲ್ಕೈದು ಜನರ ಮನೆಗೆ 150ರಿಂದ 200 ಲೀಟರ್ ಸಾಕು. ಮುಖ ದಕ್ಷಿಣಕ್ಕೆ, ಓರೆ ಸುಮಾರು 25 ಡಿಗ್ರಿ. ಅಡಿಕೆ ತೋಟದ ನಡುವಿನ ಮನೆಗಳು ನೆರಳಲ್ಲಿ ಸೋಲುತ್ತವೆ. ಡಿಸೆಂಬರಿನ ಬೆಳಿಗ್ಗೆ 9 ಗಂಟೆಗೆ 50 ಅಡಿ ಮರದ ನೆರಳು ನೆಲದ ಮೇಲೆ 80 ಅಡಿಗೂ ಹೆಚ್ಚು ಉದ್ದ. 15 ಅಡಿ ಎತ್ತರದ ಮಾಡಿನ ಮೇಲೂ ಅದು 55 ಅಡಿಗೂ ಹೆಚ್ಚು ಚಾಚುತ್ತದೆ. ಕೊಳ್ಳುವ ಮೊದಲು ಚಳಿಗಾಲದ ಒಂದು ದಿನ 9, 12, 3 ಗಂಟೆಗೆ ಮಾಡಿನ ಮೇಲೆ ನೆರಳು ಎಲ್ಲಿ ಬೀಳುತ್ತದೆಂದು ಗುರುತು ಹಾಕಿ. ಹೆಚ್ಚು ಬಿಸಿಲು ಕೊಟ್ಟಿಗೆಯ ಮಾಡಿಗೆ ಬಿದ್ದರೆ ಅಲ್ಲೇ ಕೂರಿಸಿ, ಆದರೆ ಬಚ್ಚಲಿಗೆ ಬರುವ ಪೈಪಿಗೆ ಫೋಮ್ ಸುತ್ತಿ. ಅರ್ಧ ಇಂಚಿನ 20 ಮೀಟರ್ ಪೈಪಿನಲ್ಲಿ ಮೂರೂವರೆ ಲೀಟರ್ ನೀರು ತಣ್ಣಗಾಗಿ ಕೂತಿರುತ್ತದೆ.

ಗುಡ್ಡದಿಂದ ತಾನಾಗಿ ಹರಿದು ಬರುವ ಅಬ್ಬಿ ನೀರನ್ನು ನೇರವಾಗಿ ಸೋಲಾರಿಗೆ ಜೋಡಿಸಬೇಡಿ. ಎತ್ತರದಿಂದ ಬರುವ ಒತ್ತಡಕ್ಕೆ ಸಾಮಾನ್ಯ ಟ್ಯಾಂಕ್ ಒಡೆಯುತ್ತದೆ. ನಡುವೆ ತಣ್ಣೀರಿನ ಟ್ಯಾಂಕ್ ಇರಲಿ, ಅದರ ಮುಂದೆ ದರಕು ಸೋಸುವ ಜಾಲರಿ ಇರಲಿ. ಗಾಜಿನ ಕೊಳವೆಗಳ ಸೋಲಾರ್ ಆದರೆ ಅವಕ್ಕೆ ಮೊದಲ ಸಲ ನೀರು ತುಂಬುವುದು ಬಿಸಿಲೇರುವ ಮುಂಚೆ. ಕಾದ ಖಾಲಿ ಕೊಳವೆಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಮಂಗಗಳ ಕಾಟವಿರುವ ಊರಲ್ಲಿ ಗಟ್ಟಿ ಗಾಜಿನ ಚಪ್ಪಟೆ ಪೆಟ್ಟಿಗೆಯದು ಹೆಚ್ಚು ಬಾಳುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಇದು ಸ್ನಾನಕ್ಕೆ ಆಗುವಷ್ಟು ಕಾಯಿಸುವುದಿಲ್ಲ, ಮಾರುವವರು ಏನೇ ಹೇಳಲಿ. ಆದ್ದರಿಂದ ಹಂಡೆ ಕೀಳಬೇಡಿ. ಸೋಲಾರಿನ ಬಿಸಿನೀರಿನ ಪೈಪಿಗೆ ಒಂದು ಕವಲು ಕೊಟ್ಟು, ಹಂಡೆ ತುಂಬಲು ಅದೇ ನೀರು ಬರುವಂತೆ ಮಾಡಿ. ಮೋಡದ ದಿನ ನೀರು ಬರೀ 30 ಡಿಗ್ರಿಗೆ ಬೆಚ್ಚಗಾದರೂ, 45ಕ್ಕೆ ಏರಿಸಲು ಹಂಡೆ ಮಾಡಬೇಕಾದ ಕೆಲಸದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಯಿತು. ಇದೊಂದು ಕವಲು, ಒಂದು ವಾಲ್ವ್, ಅರ್ಧ ದಿನದ ಕೆಲಸ. ಹೆಚ್ಚಿನ ಕಡೆ ಇದನ್ನು ಮಾಡಿಸಿಯೇ ಇರುವುದಿಲ್ಲ.

## ಹಂತ 6: ಕರೆಂಟು

ಮಾಡಿನ ಮೇಲಿನ ಸೋಲಾರ್ ಕರೆಂಟು 1 ಕಿಲೋವಾಟ್‌ಗೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ಗೆ 60,000, 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಸಹಿ ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ: ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗಳ ಜೀವ ಉಳಿಸಲು ಹಾಗೆ ಮಾಡಿರುವುದು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಲ್ಲಿ ಇದನ್ನು ನಂಬಿ ಗೋಬರ್ ಗ್ಯಾಸ್ ಮುಚ್ಚಬೇಡಿ.

ಇಂಡಕ್ಷನ್ ಒಲೆ, ಗೀಸರ್ ಸೇರಿಸುವ ಮುಂಚೆ ಬಿಲ್ಲು ನೋಡಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಿಮ್ಮದೇ. 2 ಕಿಲೋವಾಟ್ ಗೀಸರ್ ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಹಳೆಯ ಮನೆಯ ಲೈಟಿನ ವೈರಿಗೆ ಇವನ್ನು ಹಾಕಬಾರದು. 16 ಆಂಪಿಯರ್ ಸಾಕೆಟ್, ಬೇರೆ ವೈರು, ಸರಿಯಾದ ಅರ್ಥಿಂಗ್ ಬೇಕು.

ಕೊನೆಯದಾಗಿ, ಒಂದು ವಾರ ಸಂಜೆ 7 ಗಂಟೆಗೆ, ಊರೆಲ್ಲ ದೀಪ ಹಾಕಿದ ಹೊತ್ತಿನಲ್ಲಿ, ಮನೆಯ ವೋಲ್ಟೇಜು ನೋಡಿ ಬರೆದಿಡಿ. ಅದು ದಿನಾ 180ರ ಕೆಳಗೆ ಇಳಿಯುತ್ತಿದ್ದರೆ ಇಂಡಕ್ಷನ್ ಒಲೆ ಅನ್ನ ಬೇಯುವ ಮೊದಲೇ ಆಫ್ ಆಗಬಹುದು. ಮೊದಲು ವೋಲ್ಟೇಜು ಸರಿಪಡಿಸಲು ವಿದ್ಯುತ್ ಕಂಪನಿಗೆ ಅರ್ಜಿ ಕೊಡಿ, ಒಲೆ ಆಮೇಲೆ ತನ್ನಿ.